ಅವಧಿಗೆ ಮುನ್ನ ಹುಟ್ಟಿದ ಶಿಶುವಿಗೆ ಕೆಫೀನ್ ಏಕೆ?

ದಿನ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿರಿಸಿ, ‘ಕೆಫೀನ್ ಕೊಡುತ್ತಿದ್ದೇವೆ’ ಎಂದು ವೈದ್ಯರು ಹೇಳಿದಾಗ ಮನೆಯ ಹಿರಿಯರು ಗಾಬರಿಗೊಳ್ಳುವುದು ಸಹಜ. ಕಾಫಿಯಲ್ಲಿರುವ ವಸ್ತುವನ್ನು ಒಂದು ಕಿಲೋ ತೂಕದ ಕೂಸಿಗೆ ಕೊಡುವುದೇ? ಆಯುರ್ವೇದ ವೈದ್ಯನಾದ ನನ್ನಲ್ಲಿಗೂ ಈ ಪ್ರಶ್ನೆ ಬರುತ್ತದೆ. ಅದನ್ನು ನಿಲ್ಲಿಸಿಬಿಡಬಹುದೇ ಎಂದೂ ಕೇಳುತ್ತಾರೆ. ನಿಲ್ಲಿಸಬಾರದು.

ಪ್ರಾಣವಾಯುವಿನ ನೆಲೆ ಶಿರಸ್ಸು, ಅದರ ಸಂಚಾರ ಎದೆ ಮತ್ತು ಕಂಠಗಳಲ್ಲಿ ಎಂಬುದು ನಮ್ಮ ಶಾಸ್ತ್ರದ ಮಾತು. ಆಧುನಿಕ ವಿಜ್ಞಾನವೂ ಉಸಿರಾಟದ ಕೇಂದ್ರವನ್ನು ಮೆದುಳಿನ ಕಾಂಡದಲ್ಲಿ ಗುರುತಿಸಿದೆ. ರಕ್ತದಲ್ಲಿ ಆಮ್ಲಜನಕ ಕುಗ್ಗಿದೊಡನೆ ಕತ್ತಿನ ರಕ್ತನಾಳಗಳ ಬಳಿಯಿರುವ ಎರಡು ಪುಟ್ಟ ಅಂಗಗಳು ಆ ಕೇಂದ್ರವನ್ನು ಎಚ್ಚರಿಸುತ್ತವೆ. ವಯಸ್ಕರಲ್ಲಿ ಉಸಿರು ವೇಗಗೊಳ್ಳುತ್ತದೆ.

ಅವಧಿಪೂರ್ವ ಶಿಶುವಿನಲ್ಲಿ ನಡೆಯುವುದು ಬೇರೆ. ಒಂದೆರಡು ನಿಮಿಷ ಉಸಿರು ಹೆಚ್ಚಿ, ಬಳಿಕ ಮೊದಲಿಗಿಂತಲೂ ಕೆಳಗಿಳಿಯುತ್ತದೆ, ಕೆಲವೊಮ್ಮೆ ನಿಂತೇಬಿಡುತ್ತದೆ. ಇದು ಗರ್ಭವಾಸದ ಅಭ್ಯಾಸ. ಅಲ್ಲಿ ಆಮ್ಲಜನಕ ದೊರೆಯುವುದು ತಾಯಿಯ ಮಾಸಿನಿಂದ, ಶ್ವಾಸಕೋಶದಿಂದಲ್ಲ. ಆದ್ದರಿಂದ ಕೊರತೆಯಾದಾಗ ಎದೆಯ ಚಲನೆಯನ್ನು ನಿಲ್ಲಿಸುವುದು ಭ್ರೂಣಕ್ಕೆ ಉಳಿತಾಯ. ಹೊರಗೆ ಬಂದ ಮೇಲೆ ಅದೇ ಪ್ರಾಣಾಪಾಯ. 28 ವಾರಕ್ಕೆ ಮೊದಲು ಹುಟ್ಟಿದ ಬಹುತೇಕ ಎಲ್ಲ ಶಿಶುಗಳಲ್ಲೂ 20 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರು ನಿಲ್ಲುವ ಈ ತೊಂದರೆ ಕಾಣಿಸಿಕೊಳ್ಳುತ್ತದೆ.

ಉಸಿರನ್ನು ಹೀಗೆ ತಗ್ಗಿಸುವುದರಲ್ಲಿ ಅಡೆನೋಸಿನ್ ಎಂಬ ವಸ್ತುವಿನ ಪಾತ್ರ ದೊಡ್ಡದು. ಆಮ್ಲಜನಕ ಕುಗ್ಗಿದಾಗ ಅದು ಮೆದುಳಿನಲ್ಲಿ ಸಂಗ್ರಹವಾಗಿ ಉಸಿರಾಟದ ಕೇಂದ್ರವನ್ನು ಮಂದಗೊಳಿಸುತ್ತದೆ. ಅಡೆನೋಸಿನ್ ಸೇರಬೇಕಾದ ಸ್ಥಾನವನ್ನು ಕೆಫೀನ್ ಮೊದಲೇ ಆಕ್ರಮಿಸಿ ಆ ಮಾಂದ್ಯವನ್ನು ತಡೆಯುತ್ತದೆ. (ರಾತ್ರಿ ಕಾಫಿ ಕುಡಿದವರಿಗೆ ನಿದ್ದೆ ದೂರವಾಗುವುದೂ ಇದರಿಂದಲೇ.) ಜೊತೆಗೆ, ಎದೆ ಮತ್ತು ಹೊಟ್ಟೆಯ ನಡುವಣ ವಪೆಯ ಬಲವೂ ಹೆಚ್ಚುತ್ತದೆ.

1970ರ ದಶಕದಿಂದಲೂ ಬಳಕೆಯಲ್ಲಿರುವ ಈ ಚಿಕಿತ್ಸೆಯನ್ನು 500ರಿಂದ 1250 ಗ್ರಾಂ ತೂಕದ ಎರಡು ಸಾವಿರ ಶಿಶುಗಳಲ್ಲಿ ಪರೀಕ್ಷಿಸಿದ ಅಂತರರಾಷ್ಟ್ರೀಯ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಕೆಫೀನ್ ಪಡೆದವರಲ್ಲಿ ಶ್ವಾಸಕೋಶದ ದೀರ್ಘಕಾಲಿಕ ಹಾನಿ ಕಡಿಮೆಯಿತ್ತು. ಮರುವರ್ಷದ ವರದಿಯಲ್ಲಿ ಮೆದುಳಿನ ಹಾನಿಯಿಂದಾಗುವ ಅಂಗವೈಕಲ್ಯವೂ ಕಡಿಮೆ ಕಂಡಿತು.

ಹಾಗೆಂದು ಮನೆಯಲ್ಲಿ ಕಾಫಿ ಡಿಕಾಕ್ಷನ್ನನ್ನು ಮಗುವಿನ ನಾಲಿಗೆಗೆ ಸೋಕಿಸುವುದು ಘೋರ ತಪ್ಪು. ಕೆಫೀನ್ ಸಿಟ್ರೇಟಿನ ಮೊದಲ ಪ್ರಮಾಣ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ, ಅನಂತರ ದಿನಕ್ಕೊಮ್ಮೆ 5ರಿಂದ 10 ಮಿಲಿಗ್ರಾಂ. ಮಿತಿಮೀರಿದರೆ ಹೃದಯದ ಬಡಿತ ಏರುತ್ತದೆ, ಮಗು ಚಡಪಡಿಸುತ್ತದೆ. ಇಂತಹ ಶಿಶುಗಳಿಗೆ ಬಜೆ ತೇಯ್ದು ನೆಕ್ಕಿಸುವ ರೂಢಿಯನ್ನೂ ನಾನು ಒಪ್ಪುವುದಿಲ್ಲ. ತಾಯಿಯ ಹಾಲೇ ಸಾಕು.

ಇನ್ನೊಂದು ಮಾತು. ವಯಸ್ಕರ ದೇಹದಲ್ಲಿ ಕೆಫೀನ್ ಸುಮಾರು ಐದು ಗಂಟೆಗಳಲ್ಲಿ ಅರ್ಧಕ್ಕಿಳಿದರೆ, ಈ ಶಿಶುಗಳಲ್ಲಿ ಅದಕ್ಕೆ ಮೂರು ನಾಲ್ಕು ದಿನಗಳೇ ಬೇಕು. ಔಷಧ ನಿಲ್ಲಿಸಿದ ಮರುದಿನ ಮಗು ಚೆನ್ನಾಗಿಯೇ ಉಸಿರಾಡುತ್ತಿರುತ್ತದೆ. ಅದು ಉಳಿದ ಔಷಧದ ಬಲವಿರಬಹುದು. ಆದುದರಿಂದಲೇ ವೈದ್ಯರು ಮತ್ತೆ ಐದರಿಂದ ಏಳು ದಿನ ಇರಿಸಿಕೊಂಡು ನೋಡುತ್ತಾರೆ. ಖರ್ಚಿನ ಚಿಂತೆಯಿಂದಲೋ, ನಾಮಕರಣದ ಮುಹೂರ್ತಕ್ಕೆಂದೋ ಆ ದಿನಗಳನ್ನು ಮೊಟಕುಗೊಳಿಸಬೇಡಿರಿ. ಮನೆಗೆ ಬಂದ ಮೇಲೆ ಮಗುವಿನ ತುಟಿ ನೀಲಿಗಟ್ಟಿದರೆ ಅಥವಾ ಉಸಿರು ನಿಂತಂತೆ ಕಂಡರೆ ಅಂಗಾಲನ್ನು ಮೃದುವಾಗಿ ಉಜ್ಜಿರಿ. ಜೊತೆಯಲ್ಲಿರುವವರು ಕೂಡಲೇ 108ಕ್ಕೆ ಕರೆ ಮಾಡಲಿ.