ಪ್ಯಾರಿಸ್ಸಿನ ಹನ್ನೆರಡು ಕಂಠಗಳಲ್ಲಿ ದೇವಗಿರಿಯ ತಾಳ

ಚೆನ್ನೈ: ಸಭಾಗಳ ಊರಾದ ಚೆನ್ನೈನಲ್ಲಿ ನೆಲೆಸಿದ ಕನ್ನಡಿಗರಿಗೆ ಆದಿ, ರೂಪಕ, ಖಂಡಛಾಪು ತಾಳಗಳು ಹೊಸತಲ್ಲ. ಆದರೆ ಇಲ್ಲಿನ ಕಛೇರಿಗಳಲ್ಲಿ ಅಪರೂಪವಾಗಿರುವ ಹಳೆಯ ದೇಶೀ ತಾಳಗಳು ಫ್ರೆಂಚ್ ವೃಂದಗಾನದ ಧ್ವನಿಮುದ್ರಣವೊಂದರಲ್ಲಿ ಕೇಳಸಿಗುತ್ತವೆ ಎಂದರೆ ಅಚ್ಚರಿಯಾಗದಿರದು.

ಆ ಕೃತಿಯ ಹೆಸರು ‘ಸ್ಯಾಂಕ್ ರೆಶಾನ್’. ಫ್ರಾನ್ಸಿನ ಒಲಿವಿಯೆ ಮೆಸಿಯಾನ್ (1908–1992) 1948ರಲ್ಲಿ ರಚಿಸಿದ್ದು. ಇದರಲ್ಲಿ ವಾದ್ಯಗಳಿಲ್ಲ, ಹನ್ನೆರಡು ಗಾಯಕ ಗಾಯಕಿಯರಷ್ಟೇ. ಫ್ರೆಂಚ್ ಸಾಲುಗಳ ನಡುವೆ ಸಂಸ್ಕೃತದ ನಾದವನ್ನು ನೆನಪಿಸುವ, ಅವರೇ ಕಟ್ಟಿದ ಪದಗಳೂ ಇವೆ. ವೃಂದ ನಿರ್ದೇಶಕ ಮಾರ್ಸೆಲ್ ಕೂರೋ ಅವರಿಗಾಗಿ ಬರೆದ ಈ ಕೃತಿಯನ್ನು ಮುಂದೆ ಕೂರೋ ಅವರ ನಿರ್ದೇಶನದಲ್ಲೇ ಫ್ರೆಂಚ್ ರೇಡಿಯೊ ಗಾಯಕರು ಧ್ವನಿಮುದ್ರಿಸಿದರು.

ಮೆಸಿಯಾನ್‌ಗೆ ತಾಳಗಳು ಸಿಕ್ಕಿದ್ದು ಪುಸ್ತಕದಿಂದ. ಫ್ರೆಂಚ್ ಸಂಗೀತ ವಿಶ್ವಕೋಶವೊಂದರಲ್ಲಿ ಜೊವಾನಿ ಗ್ರೊಸೆ ಬರೆದ ಲೇಖನದಲ್ಲಿ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದ 120 ದೇಶೀ ತಾಳಗಳ ಪಟ್ಟಿ ಇತ್ತು. ನಾವು ತಾಳವನ್ನು ಕೈಯಲ್ಲಿ ಎಣಿಸುವ ಆವರ್ತವಾಗಿ ಬಳಸುತ್ತೇವೆ. ಅವರು ದ್ರುತ, ಲಘು, ಗುರು, ಪ್ಲುತಗಳ ಅಳತೆಯನ್ನು ನೇರವಾಗಿ ಸ್ವರಗಳ ಉದ್ದಕ್ಕೆ ಹೊಂದಿಸಿಕೊಂಡರು.

ಈ ಗ್ರಂಥಕ್ಕೂ ಕನ್ನಡಕ್ಕೂ ನಂಟು ಹಳೆಯದು. 13ನೇ ಶತಮಾನದಲ್ಲಿ ಶಾರ್ಙ್ಗದೇವ ಇದ್ದದ್ದು ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿ. ಸೇವುಣರ ಕನ್ನಡ ಶಾಸನಗಳು ಹೇರಳವಾಗಿವೆ. 15ನೇ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥ ಈ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ. ಕಾಲಕ್ರಮದಲ್ಲಿ ಸೂಳಾದಿ ಸಪ್ತತಾಳಗಳು ಬಳಕೆಗೆ ಬಂದು ದೇಶೀ ತಾಳಗಳು ಮರೆಯಾದವು. ಆದರೂ ಪುಸ್ತಕ ಉಳಿಯಿತು. ಕಲಾನಿಧಿ ಮತ್ತು ಸಿಂಹಭೂಪಾಲನ ವ್ಯಾಖ್ಯಾನಗಳೊಡನೆ ಮೂಲಗ್ರಂಥವನ್ನು ನಾಲ್ಕು ಸಂಪುಟಗಳಲ್ಲಿ, 1943ರಿಂದ 1953ರವರೆಗೆ, ಪ್ರಕಟಿಸಿದ್ದು ನಮ್ಮೂರಿನ ಅಡ್ಯಾರ್ ಗ್ರಂಥಾಲಯವೇ. ಸಂಪಾದಕರು ಪಂಡಿತ ಎಸ್. ಸುಬ್ರಹ್ಮಣ್ಯ ಶಾಸ್ತ್ರಿಗಳು. ಪ್ಯಾರಿಸ್ಸಿನಲ್ಲಿ ಮೆಸಿಯಾನ್ ಹಾಡು ಕಟ್ಟುತ್ತಿದ್ದ ವರ್ಷಗಳೂ ಅವೇ.

ಕಂಠ ಮರೆತದ್ದನ್ನು ಬರಹ ಕಾಪಾಡಿತು; ಬರಹದಿಂದ ಅದು ಮತ್ತೆ, ದೂರದ ನಾಡಿನಲ್ಲಿ, ಕಂಠಕ್ಕೆ ಬಂತು. ಸಂಘಗಳ ಸದಸ್ಯರು ಇದನ್ನು ಹೆಮ್ಮೆಯ ವಿಷಯವೆಂದು ಕೇಳಿ ಸುಮ್ಮನಾದರೆ ಸಾಲದು. ಊರು ಬಿಟ್ಟು ಬಂದ ಮನೆಗಳಲ್ಲಿ ಹಸೆ ಹಾಡು, ಬೀಸುವ ಹಾಡು, ದೇವರನಾಮಗಳ ಹಳೆಯ ಧಾಟಿ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಅಜ್ಜಿ ಹಾಡುವಾಗ ಅದನ್ನು ಧ್ವನಿಮುದ್ರಿಸಿ, ಸಾಹಿತ್ಯ ಬರೆದಿಡಲು ಈಗಲೇ ಶುರು ಮಾಡಬಹುದು.