ಒಂದೇ ಪೀಠದ ಎರಡು ತೀರ್ಪು

ಸದಸ್ಯ ಬಾಂಧವರಲ್ಲಿ ಒಂದು ಅರಿಕೆ. ಈ ಸಂಚಿಕೆಯಲ್ಲಿ ಮರಗಸಿಯ ಬಗ್ಗೆ ಬರೆಯುವುದಾಗಿ ಹೇಳಿದ್ದೆವು. ಅದನ್ನು ಮುಂದಕ್ಕೆ ಹಾಕಿ, ನಮ್ಮಲ್ಲಿ ಅನೇಕರಿಗೆ ರುಚಿಸದ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಕಳೆದ ಬೇಸಿಗೆಯಲ್ಲಿ ಕಲಬುರಗಿ ಜಿಲ್ಲೆಗೆ ಹೋಗಿಬಂದದ್ದೇ ಇದಕ್ಕೆ ಕಾರಣ.

ದೀಪಾವಳಿ ಕಳೆದು ಕಾಫಿ ಹಣ್ಣಾಗುವ ಹೊತ್ತಿಗೆ ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಉತ್ತರ ಕರ್ನಾಟಕದ ಮಾತು ಕೇಳತೊಡಗುತ್ತದೆಯಷ್ಟೆ. ನಮ್ಮ ತೋಟಕ್ಕೆ ಹದಿನಾಲ್ಕು ವರ್ಷಗಳಿಂದ ಆಳು ಕಟ್ಟಿಕೊಂಡು ಬರುತ್ತಿರುವ ಮೇಸ್ತ್ರಿ ಜೇವರ್ಗಿ ತಾಲ್ಲೂಕಿನವರು. ಅವರ ತಂಡದಲ್ಲಿ ಆಳಂದದವರೂ ಇದ್ದಾರೆ, ಅಫಜಲಪುರದ ಕಡೆಯವರೂ ಇದ್ದಾರೆ. ಮಗಳ ಮದುವೆಗೆ ಬರಲೇಬೇಕೆಂದು ಮೇಸ್ತ್ರಿ ಹಟ ಹಿಡಿದರು. ಆಡಳಿತ ಮಂಡಳಿಯ ಇಬ್ಬರು ಸದಸ್ಯರೊಡನೆ ರಾತ್ರಿ ರೈಲು ಹತ್ತಿದೆವು.

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಆ ಬಿಸಿಲನ್ನು ವರ್ಣಿಸುವ ಶಕ್ತಿಯಿಲ್ಲ. ಫರಹತಾಬಾದ್ ದಾಟಿ, ಕಟ್ಟಿಸಂಗಾವಿಯ ಬಳಿ ಭೀಮಾ ನದಿಯ ಸೇತುವೆ ಹಾದು ಜೇವರ್ಗಿ ಸೇರುವಷ್ಟರಲ್ಲಿ ಮೂವರೂ ಸುಟ್ಟ ಹಪ್ಪಳದಂತಾಗಿದ್ದೆವು. ಕಣ್ಣು ಹಾಯುವವರೆಗೂ ಕೊಯ್ಲು ಮುಗಿದ ಕಪ್ಪು ಎರೆಭೂಮಿ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ನೆಲ ಇದು. ಒಂದು ಅಡಿಕೆ ಮರವಾಗಲಿ, ಕಾಫಿ ಗಿಡವಾಗಲಿ ಕಾಣುವ ಮಾತೇ ಇಲ್ಲ. ಆದರೆ ಊರೂರಿನ ಸಣ್ಣ ಅಂಗಡಿಗಳ ಮುಂದೆ ಬಣ್ಣಬಣ್ಣದ ಚೀಟುಗಳ ಸರ ತೋರಣದಂತೆ ತೂಗುತ್ತಿತ್ತು. ನಮ್ಮ ಬೆಳೆ ಅಲ್ಲಿ ಆ ರೂಪದಲ್ಲಿ ಸಿಕ್ಕಿತು.

ಮದುವೆ ಊಟದಲ್ಲಿ ಗೋಧಿ ಹುಗ್ಗಿ, ಖಡಕ್ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬಿಸಿಲಿನ ಆಯಾಸವೆಲ್ಲ ಅಲ್ಲಿಗೆ ಇಳಿಯಿತು. ಎಲ್ಲರನ್ನೂ ಉಪಚರಿಸುತ್ತಿದ್ದ ಮೇಸ್ತ್ರಿ ಮಾತ್ರ ಒಂದು ಮೂಲೆಯಲ್ಲಿ ಕುಳಿತು, ರೊಟ್ಟಿಯನ್ನು ಪುಡಿಮಾಡಿ ತೊಗರಿಬೇಳೆಯ ಸಪ್ಪೆ ಕಟ್ಟಿನಲ್ಲಿ ನೆನೆಸಿ, ಚಮಚದಲ್ಲಿ ಬಾಯಿಗೆ ಇಳಿಸಿಕೊಳ್ಳುತ್ತಿದ್ದರು.

"ಏನು ಮೇಸ್ತ್ರಿ, ಹಲ್ಲುನೋವೇ?" ಎಂದೆವು.

"ಬಾಯೇ ತೆರ್ಯಂಗಿಲ್ರಿ ಸಾವ್ಕಾರ್ರ. ಖಾರ ತಾಕಿದ್ರ ಬೆಂಕಿ ಇಟ್ಟಂಗ ಆಗ್ತದ" ಎಂದರು.

ನಾವು ತಿಳಿದವರಂತೆ ತಂಬಾಕಿನ ಮೇಲೆ ಒಂದು ಸಣ್ಣ ಉಪದೇಶ ಕೊಟ್ಟೆವು. ಅವರು ಸಾವಕಾಶವಾಗಿ ಕೇಳಿಕೊಂಡು, "ತಂಬಾಕ ಎಂದೂ ಮುಟ್ಟಿಲ್ರಿ. ಬರೇ ಅಡಿಕಿ. ಅದೂ ನಿಮ್ಮ ತ್ವಾಟದ್ದೇ" ಎಂದರು.

ನಿಜ. ಪ್ರತಿ ವರ್ಷ ಕೊಯ್ಲು ಮುಗಿಸಿ ಊರಿಗೆ ಹೊರಡುವಾಗ ಲೆಕ್ಕ ಚುಕ್ತಾ ಮಾಡಿ, ಮೇಲೆ ಒಂದು ಚೀಲ ಬೆಟ್ಟೆ ಅಡಿಕೆ ಕೊಡುವುದು ನಮ್ಮ ತಂದೆಯವರ ಕಾಲದಿಂದ ಬಂದ ಮರ್ಯಾದೆ. ಕಲಬೆರಕೆಯಿಲ್ಲದ, ಬಣ್ಣವಿಲ್ಲದ ಶುದ್ಧ ಅಡಿಕೆ.

ಮೇಸ್ತ್ರಿಯವರ ಬಾಯಿ ತೋರಿಸಲು ಹೇಳಿ ಕಲಬುರಗಿಗೆ ಕಳಿಸಿದೆವು. ಅಲ್ಲಿ ಕಿದ್ವಾಯಿ ಗಂಥಿ ಸಂಸ್ಥೆಯ ಶಾಖಾ ಕೇಂದ್ರವಿರುವುದು ಆ ಭಾಗದವರಿಗೆ ದೊಡ್ಡ ಅನುಕೂಲ. ಸದ್ಯಕ್ಕೆ ಕ್ಯಾನ್ಸರ್ ಅಲ್ಲ, ಆದರೆ ಅದರ ದಾರಿಯಲ್ಲಿರುವ ಒಂದು ಕಾಯಿಲೆ ಎಂದು ವೈದ್ಯರು ಹೇಳಿದರಂತೆ. ಇಂಗ್ಲಿಷಿನಲ್ಲಿ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕೆನ್ನೆಯ ಒಳಪದರದ ಅಡಿಯಲ್ಲಿ ನಾರಿನಂಥ ಅಂಶ ಬೆಳೆದು, ಮೆತ್ತಗಿರಬೇಕಾದ ಕೆನ್ನೆ ಹಲಗೆಯಂತೆ ಬಿಗಿಯುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರಸತ್ವ ನಾರು ಹೆಣೆಯುವ ಜೀವಕೋಶಗಳನ್ನು ಚುರುಕುಗೊಳಿಸುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶ, ಕಟ್ಟಿದ ನಾರು ಸುಲಭವಾಗಿ ಕರಗದಂತೆ ಮಾಡುತ್ತದೆ. ಮೊದಲ ಸೂಚನೆ ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಗೆ ಬಿಳಿಚಿಕೊಳ್ಳುವುದು, ಬಾಯಿ ಕಿರಿದಾಗುವುದು.

ಇದಕ್ಕೆ ಮುಂಚೆ ಎಂಟು ತಿಂಗಳು ಮೇಸ್ತ್ರಿ ಊರಿನ ಕಡೆಯ ಒಬ್ಬರು ನಾಟಿ ವೈದ್ಯರಲ್ಲಿ ಅರಿಶಿನ, ತುಪ್ಪ, ತ್ರಿಫಲೆ ಎಂದು ಮುಕ್ಕಳಿಸುತ್ತ ಇದ್ದರು. ನಾಟಿ ಔಷಧವನ್ನು ಹಳಿಯುವ ಜಾತಿ ನಮ್ಮದಲ್ಲ. ಜ್ವರಕ್ಕೆ ಅಮೃತಬಳ್ಳಿ, ಕೆಮ್ಮಿಗೆ ಆಡುಸೋಗೆ ನಮ್ಮ ಮನೆಯಲ್ಲಿ ಈಗಲೂ ಉಂಟು. ಅರಿಶಿನದ ಸತ್ವ ಈ ರೋಗದ ಉರಿಯನ್ನು ತಗ್ಗಿಸಬಲ್ಲದೆಂದು ಸಣ್ಣ ಪ್ರಮಾಣದ ವೈದ್ಯಕೀಯ ಪ್ರಯೋಗಗಳಲ್ಲಿ ಕಂಡದ್ದೂ ಹೌದು. ಆದರೆ ಆ ವೈದ್ಯರು ಕೇಳಬೇಕಾಗಿದ್ದ ಮೊದಲ ಪ್ರಶ್ನೆ, ಬಾಯಲ್ಲಿ ಏನಿದೆ ಎಂಬುದು. ಅದನ್ನು ಕೇಳಲಿಲ್ಲ. ಅಡಿಕೆ ಪ್ರಕೃತಿಯ ವರ, ಅದರಿಂದ ಕೇಡಿಲ್ಲ ಎಂದೇ ಅವರ ನಂಬಿಕೆ. ನಮ್ಮ ನಂಬಿಕೆಯೂ ಅದೇ ಆಗಿತ್ತು.

ಇಲ್ಲಿ ಸಣ್ಣ ಮಾತೊಂದನ್ನು ಸೇರಿಸುತ್ತೇವೆ. ಪೇಟೆಯವರು ಈಗ ಸಿರಿಧಾನ್ಯವೆಂದು ಹೊಗಳುವ ಜೋಳವನ್ನೇ ತೆಗೆದುಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಡಾ. ಸಿ. ಗೋಪಾಲನ್ ಅವರು 1960ರ ಸುಮಾರಿನಲ್ಲಿ, ದಖ್ಖನ್ನಿನಲ್ಲಿ ಜೋಳವೊಂದನ್ನೇ ಉಂಡು ಬದುಕುವ ಬಡವರಲ್ಲಿ ಪೆಲ್ಲಾಗ್ರ ಎಂಬ ಚರ್ಮರೋಗ ಕಾಣುವುದನ್ನು ಅಭ್ಯಾಸ ಮಾಡಿದ್ದರು. ಬೇಳೆ, ಸೊಪ್ಪು, ಹಾಲು ಜೊತೆಗಿದ್ದ ಮನೆಗಳಲ್ಲಿ ಅದೇ ಜೋಳ ಉತ್ತಮ ಆಹಾರ. ನೆಲದಿಂದ ಬಂದದ್ದೆಲ್ಲ ಒಳ್ಳೆಯದು ಎನ್ನುವುದು ಜೋಳದ ವಿಷಯದಲ್ಲೂ ಪೂರ್ತಿ ನಿಜವಲ್ಲ. ಇನ್ನು ಅಡಿಕೆಯ ಅರೆಕೋಲಿನ್ ಅನ್ನು ಹಿಂದೆ ಪಶುವೈದ್ಯರು ನಾಯಿಗಳ ಲಾಡಿಹುಳು ಕೆಡಹಲು ಬಳಸುತ್ತಿದ್ದರು. ಹುಳುವನ್ನು ಕೆಡಹುವಷ್ಟು ಶಕ್ತಿಯಿರುವ ವಸ್ತು ದಿನವಿಡೀ ದವಡೆಯಲ್ಲಿ ಕುಳಿತರೆ ಸುಮ್ಮನಿದ್ದೀತೇ?

ಈಗ ತೀರ್ಪಿನ ಮಾತಿಗೆ ಬರೋಣ. ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಿದೆ. ಅದು 1991ರಲ್ಲಿ ನಮ್ಮ ಕಾಫಿಯನ್ನು ಸಂಶಯದ ಪಟ್ಟಿಯಲ್ಲಿ ಸೇರಿಸಿತ್ತು. ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾದೀತೆಂಬ ಗುಮಾನಿ. 2016ರಲ್ಲಿ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಮತ್ತೆ ಪರಿಶೀಲಿಸಿ, ಕಾಫಿಯನ್ನು ಆ ಪಟ್ಟಿಯಿಂದ ತೆಗೆಯಿತು. ಯಕೃತ್ತಿನ ಹಾಗೂ ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಾಫಿ ಕುಡಿಯುವವರಲ್ಲಿ ಕಡಿಮೆಯೆಂದೂ ಹೇಳಿತು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವ ಪಾನೀಯವಾದರೂ ಅನ್ನನಾಳಕ್ಕೆ ಅಪಾಯ ತಂದೀತು ಎಂಬ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಂಡಿತು. ಆ ಸುದ್ದಿಯನ್ನು ಈ ಪತ್ರಿಕೆಯಲ್ಲಿ ಚೌಕಟ್ಟು ಕಟ್ಟಿ ಹಾಕಿ ಸಂಭ್ರಮಿಸಿದವರು ನಾವೇ. ವಿಜ್ಞಾನಕ್ಕೆ ಜಯವೆಂದು ತಲೆಬರಹ ಕೊಟ್ಟಿದ್ದೆವೆಂದು ನೆನಪು.

ಅದೇ ಸಂಸ್ಥೆ 1985ರಲ್ಲಿ ತಂಬಾಕು ಬೆರೆತ ಎಲೆ ಅಡಿಕೆ ಕ್ಯಾನ್ಸರ್‌ಕಾರಕವೆಂದು ಹೇಳಿತ್ತು. ತಂಬಾಕಿಲ್ಲದ ಎಲೆ ಅಡಿಕೆಯ ಬಗ್ಗೆ ಸಾಕಷ್ಟು ಪುರಾವೆಯಿಲ್ಲವೆಂದು ಆಗ ಬಿಟ್ಟಿತ್ತು. 2004ರಲ್ಲಿ ಪ್ರಕಟವಾದ ಅದರ 85ನೆಯ ಸಂಪುಟದಲ್ಲಿ ತಂಬಾಕಿಲ್ಲದ ಎಲೆ ಅಡಿಕೆಯೂ, ಅಡಿಕೆಯೂ ಮೊದಲನೆಯ ವರ್ಗಕ್ಕೆ, ಅಂದರೆ ಮನುಷ್ಯನಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ವರ್ಗಕ್ಕೆ ಸೇರಿದವು. ತೈವಾನಿನಲ್ಲಿ ಜನ ಸಾಮಾನ್ಯವಾಗಿ ತಂಬಾಕು ಬೆರೆಸದೆ ಅಡಿಕೆ ಅಗಿಯುತ್ತಾರೆ. ಅಲ್ಲಿಯೂ ಬಾಯಿ ಕ್ಯಾನ್ಸರ್ ಹೇರಳ. ಆಗ ಇದೇ ಪುಟಗಳಲ್ಲಿ ಅದನ್ನು ವಿದೇಶೀಯರ ಪಿತೂರಿಯೆಂದು ಬರೆದವರೂ ನಾವೇ. ಪೀಠ ಒಂದೇ, ಸಾಕ್ಷಿ ನೋಡುವ ಕ್ರಮ ಒಂದೇ. ಬಿಡುಗಡೆಯ ತೀರ್ಪನ್ನು ಚೌಕಟ್ಟು ಕಟ್ಟಿ, ಶಿಕ್ಷೆಯ ತೀರ್ಪನ್ನು ಕಸದ ಬುಟ್ಟಿಗೆ ಹಾಕಿದ್ದು ನ್ಯಾಯವಲ್ಲವೆಂದು ಜೇವರ್ಗಿಯ ಆ ಚಪ್ಪರದ ಕೆಳಗೆ ನಮಗೆ ಅನಿಸಿತು.

ಸದಸ್ಯರ ಆಕ್ಷೇಪಗಳು ನಮಗೆ ಗೊತ್ತಿಲ್ಲದೆ ಇಲ್ಲ. ಮೊದಲನೆಯ ವರ್ಗವೆಂದರೆ ಅಪಾಯ ಮಾಡುವ ಗುಣ ಇದೆಯೆಂದು ಖಚಿತವಾಯಿತೆಂದಷ್ಟೇ ಅರ್ಥ. ಎಷ್ಟು ತಿಂದರೆ ಎಷ್ಟು ಅಪಾಯವೆಂದು ಆ ವರ್ಗ ಹೇಳುವುದಿಲ್ಲ. ಬಿಸಿಲು, ಮದ್ಯ, ಬೀಡಿಯೂ ಅದೇ ವರ್ಗದಲ್ಲಿವೆ. ಹಬ್ಬದ ಊಟದ ನಂತರದ ಒಂದು ತಾಂಬೂಲವೂ, ಬೆಳಿಗ್ಗೆಯಿಂದ ರಾತ್ರಿಯವರೆಗೆ ದವಡೆಯಲ್ಲಿ ಒತ್ತಿಕೊಂಡಿರುವ ಅಡಿಕೆಯೂ ಒಂದೇ ಅಲ್ಲ. ಇದನ್ನು ಒಪ್ಪೋಣ. ಆದರೆ ನಮ್ಮ ಅಡಿಕೆ ಈಗ ಹೋಗುತ್ತಿರುವುದು ತಾಂಬೂಲದ ಹರಿವಾಣಕ್ಕಲ್ಲ, ಆ ಚೀಟುಗಳಿಗೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಒಡನೆಯೇ ಪಾನ್ ಮಸಾಲೆ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಎಂದು ಜೋಡಿಯಾಗಿ ಮಾರಾಟ ಸುರುವಾಯಿತು. ಬೆರೆಸುವ ಕೆಲಸ ಕೊಳ್ಳುವವನದು. ಮದುವೆಯ ಮಾರನೆಯ ದಿನ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋಗಿ, ಭೀಮಾ ಅಮರ್ಜಾ ಸಂಗಮದಲ್ಲಿ ಮಿಂದು ದತ್ತನ ದರ್ಶನ ಮಾಡಿ ಬರುವಾಗ, ಮೀಸೆ ಚಿಗುರದ ಹುಡುಗರು ಆ ಜೋಡಿ ಚೀಟು ಹರಿದು ಅಂಗೈಯಲ್ಲಿ ಬೆರೆಸುವುದನ್ನು ನೋಡಿದೆವು. ಆಳಂದದಲ್ಲಿ ನಮ್ಮ ತಂಡದ ಮನೆಗಳಿಗೆ ಹೋದಾಗ, ಮಗುವಿನ ಅಳು ನಿಲ್ಲಿಸಲು ಅಜ್ಜಿಯೊಬ್ಬಳು ಸಿಹಿ ಸುಪಾರಿ ಚೀಟು ಕೊಟ್ಟಳು. ಅಕ್ಕರೆಯಿಂದಲೇ ಕೊಟ್ಟಳು. ನಮ್ಮ ಬಾಯಿಂದ ಮಾತು ಹೊರಡಲಿಲ್ಲ.

ಲಿಯೋನ್ ಸಂಸ್ಥೆಯವರ ಲೆಕ್ಕವೊಂದು 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಪ್ರಕಟವಾಗಿದೆ. 2022ರಲ್ಲಿ ಜಗತ್ತಿನಲ್ಲಿ ಕಂಡ ಸುಮಾರು 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣ. ಅವುಗಳಲ್ಲಿ 83,400 ಭಾರತದವು. ತಂಬಾಕಿನದೆಷ್ಟು, ಅಡಿಕೆಯದೆಷ್ಟು ಎಂದು ಜಗಳವಾಡಬಹುದು. ಮೇಸ್ತ್ರಿಯವರ ಬಾಯಿ ಆ ಜಗಳಕ್ಕೆ ಕಾಯುವುದಿಲ್ಲ.

ಹಾಗಾದರೆ ಅಡಿಕೆ ಮರ ಕಡಿಯಬೇಕೇ? ನಾವಂತೂ ನಮ್ಮ ಒಂದು ಮರವನ್ನೂ ಕಡಿದಿಲ್ಲ. ಎರಡು ಎಕರೆಯ ತೋಟದಲ್ಲಿ ಮಕ್ಕಳನ್ನು ಓದಿಸಿದ ಸದಸ್ಯರಿಗೆ ಕಡಿಯಿರಿ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಅಡಿಕೆಯ ಬಗ್ಗೆ ಹೊಸ ಸಂಶೋಧನೆ ಮಾಡಿಸಲು ಕೇಂದ್ರ ಸರ್ಕಾರ ಮುಂದಾಗಿದೆ, ಸ್ವಾಗತ. ಆದರೆ ಉತ್ತರವನ್ನು ಮೊದಲೇ ಬರೆದುಕೊಟ್ಟು ಲೆಕ್ಕ ಮಾಡಿಸುವ ಸಂಶೋಧನೆ ನಮಗೆ ಬೇಡ. ತೈವಾನಿನ ಸರ್ಕಾರ ಬೇರೆ ಬೆಳೆಗೆ ಹೊರಳುವ ಅಡಿಕೆ ರೈತರಿಗೆ ಸಹಾಯಧನ ಕೊಟ್ಟಿದೆ. ನಮ್ಮ ಸಂಘಗಳು ಕೇಳಬೇಕಾದ ಬೇಡಿಕೆಗಳಲ್ಲಿ ಅದೂ ಒಂದಾಗಲಿ. ಅಡಿಕೆಯ ಮಧ್ಯೆ ಮೆಣಸು, ಕೋಕೋ, ಜಾಯಿಕಾಯಿ ಹಾಕಿದವರು ಒಂದೇ ಬೆಳೆಯ ಧಾರಣೆಗೆ ನೇತುಬಿದ್ದಿಲ್ಲ. ಹೊಸದಾಗಿ ಗದ್ದೆ ತುಂಬಿಸಿ ಅಡಿಕೆ ಸಸಿ ನೆಡುವವರು ಮಾತ್ರ, ಈ ಸಸಿ ಫಸಲಿಗೆ ಬರುವಾಗ ಜಗತ್ತು ಏನು ಹೇಳುತ್ತಿರುತ್ತದೆ ಎಂದು ಒಂದು ಸಲ ಯೋಚಿಸಲಿ.

ತೋಟದಲ್ಲಿ ಇಂದೇ ಮಾಡಬಹುದಾದದ್ದು ಇದೆ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ನೋಡಿ. ಹಿಡಿಸದಿದ್ದರೆ, ಖಾರ ತಾಳದಿದ್ದರೆ, ಹದಿನೈದು ದಿನಕ್ಕೂ ಮಾಯದ ಹುಣ್ಣೋ ಬಿಳಿ ಕೆಂಪು ಮಚ್ಚೆಯೋ ಇದ್ದರೆ, ದಂತವೈದ್ಯರಲ್ಲಿಗೆ ಹೋಗಬೇಕು. ಅಡಿಕೆ ಬಿಟ್ಟರೆ ರೋಗ ಮುಂದುವರಿಯುವುದನ್ನು ತಡೆಯಬಹುದು. ಬಾಯಿ ತೆರೆಯುವ ವ್ಯಾಯಾಮ, ಚುಚ್ಚುಮದ್ದು, ಕೊನೆಗೆ ಶಸ್ತ್ರಚಿಕಿತ್ಸೆಯೂ ಉಂಟು. ಆದರೆ ಕಟ್ಟಿದ ನಾರು ಪೂರ್ತಿ ಬಿಡುವುದು ಅಪರೂಪ. ಆದ್ದರಿಂದ ಬೇಗ ನೋಡಿಸಬೇಕು, ಆಳುಗಳನ್ನೂ ನೋಡಿಸಬೇಕು. ಸಂಬಳದ ಮೇಲೆ ಅಡಿಕೆ ಕೊಡುವ ಮರ್ಯಾದೆಯನ್ನು ನಮ್ಮ ಮನೆಯಲ್ಲಿ ಈ ವರ್ಷದಿಂದ ನಿಲ್ಲಿಸಿದ್ದೇವೆ. ಬದಲಿಗೆ ಒಂದು ಕಿಲೋ ಕಾಫಿಪುಡಿ, ಅರ್ಧ ಕಿಲೋ ಮೆಣಸು.

ಸಂಘದ ತೂಕದ ಕಟ್ಟೆಯ ಮೇಲಿದ್ದ ಎಲೆ ಅಡಿಕೆ ಹರಿವಾಣವನ್ನೂ ತೆಗೆದು ಬೀರುವಿನ ಮೇಲೆ ಇಟ್ಟಿದ್ದೇವೆ. ಹಿರಿಯ ಸದಸ್ಯರೊಬ್ಬರು ಇದಕ್ಕಾಗಿ ನಮ್ಮೊಡನೆ ಮಾತು ಬಿಟ್ಟಿದ್ದಾರೆ. ಮುಂದಿನ ಸಭೆಯಲ್ಲಿ ಅವರು ಈ ವಿಷಯ ಎತ್ತಲಿ, ಉತ್ತರ ಕೊಡುತ್ತೇವೆ.

ಮೇಸ್ತ್ರಿಯವರಿಂದ ಮೊನ್ನೆ ಫೋನು ಬಂದಿತ್ತು. ಅಡಿಕೆ ಬಿಟ್ಟು ಐದು ತಿಂಗಳಾಯಿತಂತೆ, ಉರಿ ಕಡಿಮೆಯಂತೆ, ಬಾಯಿ ಮಾತ್ರ ಎರಡು ಬೆರಳಿನಷ್ಟೇ. ಈ ಕೊಯ್ಲಿಗೂ ಆಳು ಕರೆತರುತ್ತಾರೆ. ಅವರಿಗಾಗಿ ಖಾರ ಹಾಕದ ಸಾರು ಬೇರೆಯೇ ತೆಗೆದಿಡಲು ಮನೆಯಲ್ಲಿ ಹೇಳಿದ್ದೇವೆ.