ಮೋರಾದ ಕೆಂಪು ಹಿಡಿ

ಸ್ವೀಡನ್ನಿನ ಉಪ್ಸಾಲಾದಲ್ಲಿ ತಂಗಿಯ ಮನೆಯ ಹತ್ತಿರ ಒಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಬಣ್ಣದ ಡಬ್ಬಿ, ಕೈಗವಸುಗಳ ಪಕ್ಕದಲ್ಲಿ ಒಂದು ಬಕೆಟ್ಟು, ಅದರ ತುಂಬ ಚಾಕುಗಳು. ಬಣ್ಣ ಮೆತ್ತಿದ ಪ್ಯಾಂಟಿನ ಕೆಲಸಗಾರನೊಬ್ಬ ಬಂದು, ನಾವು ಸಂತೆಯಲ್ಲಿ ಹಾಗಲಕಾಯಿ ಆರಿಸಿದಷ್ಟೂ ಆರಿಸದೆ, ಕೈಗೆ ಸಿಕ್ಕಿದ್ದೊಂದನ್ನು ಎತ್ತಿಕೊಂಡು ಹೋದ. ನಾನೂ ಒಂದು ತೆಗೆದುಕೊಂಡೆ. ಬೆಲೆ 150 ಕ್ರೋನರ್‌ಗಿಂತ ಕಡಿಮೆ. ಆ ಊರಿನಲ್ಲಿ ಅದು ಒಂದು ಹೊತ್ತಿನ ಊಟದ ಬೆಲೆ.

ಮೊದಲು ಕಂಡಾಗ ಸ್ವಲ್ಪ ನಿರಾಸೆಯೇ ಆಯಿತು. ಒರೆ ಪ್ಲಾಸ್ಟಿಕ್ಕಿನದು, ಹಿಡಿಯೂ ಪ್ಲಾಸ್ಟಿಕ್ ಮತ್ತು ರಬ್ಬರಿನದು. ತೂಕ ನೂರು ಗ್ರಾಮೂ ಇರಲಿಕ್ಕಿಲ್ಲ. ಅಲಗು ಹತ್ತು ಸೆಂಟಿಮೀಟರಿಗಿಂತ ತುಸು ಉದ್ದ, ಹೊಳಪಿಲ್ಲ, ಅಲಂಕಾರವಿಲ್ಲ. ಆದರೆ ಮುಷ್ಟಿಯಲ್ಲಿ ಹಿಡಿದಾಗ ಬೇರೆಯೇ ಅನಿಸಿತು. ಹಿಡಿಯ ನಡು ಉಬ್ಬಿಕೊಂಡು, ಎರಡೂ ತುದಿ ತೆಳುವಾಗಿ, ಅಂಗೈಯ ಗುಳಿಯಲ್ಲಿ ತಾನಾಗಿ ಕೂರುತ್ತದೆ. ಮನೆಯ ಹಿಂದೆ ಬಿದ್ದಿದ್ದ ಬರ್ಚ್ ಮರದ ಒಣ ಸೀಳಿಗೆ ಅಲಗು ತಾಗಿಸಿ ಮೆಲ್ಲಗೆ ತಳ್ಳಿದೆ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಸುರುಳಿಯೊಂದು ಎದ್ದು, ಸುತ್ತಿಕೊಳ್ಳುತ್ತಾ ಬಂದು, ಹೆಬ್ಬೆರಳಿನ ಮೇಲೆ ಒರಗಿತು. ಕೈಗೆ ಶ್ರಮವೇ ಆಗಲಿಲ್ಲ.

ಗುಟ್ಟು ಇರುವುದು ಅಲಗಿನ ಇಳಿಜಾರಿನಲ್ಲಿ. ಅಡುಗೆಮನೆಯ ಚಾಕುವಿಗೆ ಸಾಮಾನ್ಯವಾಗಿ ಎರಡು ಇಳಿಜಾರುಗಳಿರುತ್ತವೆ: ಬೆನ್ನಿನಿಂದ ಕೆಳಕ್ಕೆ ಸಾಗುವ ಉದ್ದದ್ದೊಂದು, ಬಾಯಿಯ ಹತ್ತಿರ ಕೂದಲೆಳೆಯಷ್ಟು ಚಿಕ್ಕದೊಂದು. ಸ್ಕ್ಯಾಂಡಿನೇವಿಯಾದ ಚಾಕುವಿನ ಅಲಗು ಅರ್ಧದವರೆಗೆ ಒಂದೇ ದಪ್ಪ. ಅಲ್ಲಿಂದ ಎರಡೂ ಕಡೆ ಒಂದೇ ಅಗಲ ಇಳಿಜಾರಿನಲ್ಲಿ ನೇರವಾಗಿ ಬಾಯಿಗಿಳಿಯುತ್ತದೆ. ಮರ ಕೆತ್ತುವಾಗ ಈ ಚಪ್ಪಟೆ ಇಳಿಜಾರು ಮರದ ಮೇಲೆ ಒರಗಿ ಉಳಿಯಂತೆ ದಾರಿ ತೋರಿಸುತ್ತದೆ. ಮಸೆಯುವಾಗಲೂ ಅದೇ. ಇಳಿಜಾರನ್ನು ಕಲ್ಲಿನ ಮೇಲೆ ಒತ್ತಿಟ್ಟರೆ ಕೋನ ತಾನಾಗಿ ಸಿಗುತ್ತದೆ. ಎಂದೂ ಚಾಕು ಮಸೆಯದವರ ಕೈಯಲ್ಲೂ ಬಾಯಿ ಕೆಡುವ ಭಯ ಕಡಿಮೆ. ಸಾಣೆ ಹಿಡಿಯುವವನಿಗಾಗಿ ಕಾಯಬೇಕಿಲ್ಲ. ಕಡಿಮೆ ಬೆಲೆಯ ವಸ್ತುವೊಂದನ್ನು ಕೊಂಡವನೇ ಆಜನ್ಮ ಕಾಪಾಡಿಕೊಳ್ಳಬಹುದಾದ ಈ ಏರ್ಪಾಡು ನನಗೆ ತುಂಬ ದೊಡ್ಡದಾಗಿ ಕಂಡಿತು.

ಈ ಚಾಕುವಿನ ಊರು ಮೋರಾ. ಸ್ಟಾಕ್‌ಹೋಮ್‌ನಿಂದ ವಾಯವ್ಯಕ್ಕೆ ಸುಮಾರು 300 ಕಿಲೋಮೀಟರ್, ದಾಲಾರ್ನಾ ಸೀಮೆಯಲ್ಲಿ, ಸಿಲ್ಯಾನ್ ಸರೋವರದ ದಡದಲ್ಲಿದೆ. ಪ್ರತಿ ಮಾರ್ಚಿನಲ್ಲಿ ನಡೆಯುವ 90 ಕಿಲೋಮೀಟರಿನ ವಾಸಾಲೊಪೆಟ್ ಸ್ಕೀ ಓಟ ಮುಗಿಯುವುದೂ ಇಲ್ಲೇ. ಆ ಸೀಮೆಯಲ್ಲಿ ತಂದೆಯ ಭೂಮಿ ಮಕ್ಕಳಿಗೆಲ್ಲ ಪಾಲಾಗಿ, ಹೊಲಗಳು ತುಂಡು ತುಂಡಾಗಿ, ಬೇಸಾಯವೊಂದನ್ನೇ ನಂಬಿ ಬದುಕುವುದು ಕಷ್ಟವಾಯಿತು. ಹಾಗಾಗಿ ಒಂದೊಂದು ಹಳ್ಳಿ ಒಂದೊಂದು ಕಸುಬಿಗೆ ಕೈ ಹಾಕಿತು. ನುಸ್ನೆಸ್‌ನಲ್ಲಿ ಬಣ್ಣದ ಮರದ ಕುದುರೆ, ವೋಮ್‌ಹುಸ್‌ನಲ್ಲಿ ಹೆಂಗಸರು ಕೂದಲಿನಿಂದ ಹೆಣೆಯುವ ಒಡವೆ, ಓಸ್ಟ್‌ನೂರ್‌ನಲ್ಲಿ ನಿಲುವು ಗಡಿಯಾರ ಮತ್ತು ಚಾಕು.

ಓಸ್ಟ್‌ನೂರ್‌ನ ಫ್ರೋಸ್ಟ್ ಎರಿಕ್ ಎರ್ಸನ್ ಅಮೆರಿಕದಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳಿ, 1891ರಲ್ಲಿ ಮರದ ದಿಮ್ಮಿ ಎಳೆಯುವ ಜಾರುಬಂಡಿಗಳ ಕಾರ್ಖಾನೆ ಹಾಕಿದ. ಅಲ್ಲೇ ಚಾಕುಗಳೂ ತಯಾರಾದವು. ಕಾಲ ಕಳೆದಂತೆ ಜಾರುಬಂಡಿ ಹೋಗಿ ಚಾಕು ಉಳಿಯಿತು. 1912ರಲ್ಲಿ ಅದೇ ಹಳ್ಳಿಯಲ್ಲಿ ಕ್ರೋಂಗ್ ಯೋಹಾನ್ ಎರಿಕ್ಸನ್ ಇನ್ನೊಂದು ಕಾರ್ಖಾನೆ ತೆರೆದ. ಫ್ರೋಸ್ಟ್, ಕ್ರೋಂಗ್ ಎಂಬವು ಅವರ ಮನೆತನದ ಹೆಸರುಗಳು. ನಮ್ಮ ಕೊಡಗಿನವರ ಹಾಗೆ ದಾಲಾರ್ನಾದವರೂ ಮನೆಯ ಹೆಸರನ್ನು ಮುಂದಿಟ್ಟು ಆಮೇಲೆ ತಮ್ಮ ಹೆಸರು ಹೇಳುತ್ತಾರೆ. ಎರಡೂ ಕಾರ್ಖಾನೆಗಳು 2005ರಲ್ಲಿ ಒಂದಾದವು. ಈಗಿನ ಹೆಸರು ಮೋರಾಕ್ನೀವ್. 'ಕ್ನೀವ್' ಎಂದರೆ ಚಾಕು. ಹಳೆಯ ಬಗೆಯ ಮೋರಾ ಚಾಕುವಿಗೆ ಕೆಂಪು ಬಳಿದ ಬರ್ಚ್ ಹಿಡಿ ಇರುತ್ತದೆ. ಪ್ಲಾಸ್ಟಿಕ್ಕಿನದು ಬಂದ ಮೇಲೂ ಅದು ನಿಂತಿಲ್ಲ.

ಅಗ್ಗವಾಗಿರುವುದು ಹೇಗೆ? ಅಲಗನ್ನು ಉಕ್ಕಿನ ಪಟ್ಟಿಯಿಂದ ಯಂತ್ರದಲ್ಲಿ ಒತ್ತಿ ತೆಗೆಯುತ್ತಾರೆ. ಅದರ ಬಾಲ ಹಿಡಿಯ ತುದಿಯವರೆಗೆ ಹೋಗುವುದಿಲ್ಲ, ನಡುವೆಯೇ ನಿಲ್ಲುತ್ತದೆ. ಕರಗಿದ ಪ್ಲಾಸ್ಟಿಕ್ಕನ್ನು ಆ ಬಾಲದ ಸುತ್ತಲೇ ಎರಕ ಹೊಯ್ಯುತ್ತಾರೆ. ಮೆರುಗು ಕೊಡುವ ಕೆಲಸಕ್ಕೆ ಹೋಗುವುದೇ ಇಲ್ಲ. ಆದರೆ ಉಕ್ಕಿನಲ್ಲಿ, ಹದದಲ್ಲಿ, ಇಳಿಜಾರಿನಲ್ಲಿ ಕೈ ಬಿಗಿ ಹಿಡಿದಿಲ್ಲ. ತುಕ್ಕು ಹಿಡಿಯದ ಅಲಗುಗಳಿಗೆ ಹೆಚ್ಚಾಗಿ ಬಳಸುವುದು 12ಸಿ27 ಎಂಬ ಸ್ವೀಡನ್ನಿನದೇ ಉಕ್ಕು. ಅದರಲ್ಲಿ ಇಂಗಾಲ ಶೇ 0.6, ಕ್ರೋಮಿಯಂ ಶೇ 13.5ರಷ್ಟು. ಇನ್ನೊಂದು ಬಗೆ ಬರೀ ಇಂಗಾಲದ ಉಕ್ಕಿನದು. ಅದು ಇನ್ನೂ ಚುರುಕು, ಮಸೆಯಲು ಇನ್ನೂ ಸುಲಭ, ಆದರೆ ಒದ್ದೆ ಇಟ್ಟರೆ ರಾತ್ರಿ ಕಳೆಯುವುದರೊಳಗೆ ತುಕ್ಕು. ಅದರಲ್ಲಿ ಒಂದು ಸೇಬು ಹೆಚ್ಚಿ ಹಾಗೇ ಬಿಟ್ಟೆ. ಅಲಗಿನ ಮೇಲೆ ನವಿಲುಗರಿಯ ನೀಲಿ ನೆರಳು ಹರಡಿತ್ತು. ಹಳೆಯ ಬಗೆಯ ಕೆಲವು ಅಲಗುಗಳಲ್ಲಿ ನಡುವೆ ಗಟ್ಟಿ ಉಕ್ಕು, ಎರಡು ಕಡೆ ಮೆದು ಉಕ್ಕಿನ ಪದರ. ಕಮ್ಮಾರ ಕಬ್ಬಿಣದ ಕತ್ತಿಗೆ ಉಕ್ಕು ಕೂಡಿಸುವುದನ್ನು ಮಲೆನಾಡಿನಲ್ಲಿ ಕಂಡವರಿಗೆ ಆ ಲೆಕ್ಕಾಚಾರ ತಕ್ಷಣ ಅರ್ಥವಾದೀತು.

ಇದು ಎಲ್ಲ ಕೆಲಸಕ್ಕೂ ಆಗುತ್ತದೆ ಎನ್ನಲಾರೆ. ಗಡಸು ಗಜ್ಜರಿಗೆ ಹಾಕಿದರೆ ಹೆಚ್ಚುವುದಿಲ್ಲ, ಆ ಅಗಲ ಇಳಿಜಾರು ಬೆಣೆಯಂತೆ ನುಗ್ಗಿ ಟಪ್ಪೆಂದು ಸೀಳುತ್ತದೆ. ಮೊನೆಯನ್ನು ಮರಕ್ಕೆ ಚುಚ್ಚಿ ಮೀಟಿದರೆ ಮುರಿಯಬಹುದು. ಬಾಲ ಗಿಡ್ಡವಾದ ಈ ಚಾಕುವಿನ ಬೆನ್ನಿಗೆ ಕೊಡತಿಯಿಂದ ಬಡಿದು ಸೌದೆ ಸೀಳುವವರನ್ನು ನೋಡಿದ್ದೇನೆ. ಅದು ಕೊಡಲಿಯ ಕೆಲಸ. ಹಿಡಿಗೂ ಅಲಗಿಗೂ ನಡುವೆ ಆಳವಾದ ತಡೆಯಿಲ್ಲದ ಮಾದರಿಗಳಲ್ಲಿ ಒದ್ದೆ ಬೆರಳು ಬಾಯಿಯ ಮೇಲೆ ಜಾರುವ ಅಪಾಯವೂ ಉಂಟು.

ಫಿನ್ಲೆಂಡಿನ ಇದರ ದಾಯಾದಿಗೆ ಪೂಕ್ಕೊ ಎನ್ನುತ್ತಾರೆ; 'ಪೂ' ಎಂದರೆ ಮರ. ರೊವಾನಿಯೆಮಿಯಲ್ಲಿ 1928ರಿಂದ ಮಾರ್ತಿನಿ ಎಂಬ ಹೆಸರಿನಲ್ಲಿ ಪೂಕ್ಕೊಗಳು ತಯಾರಾಗುತ್ತಿವೆ. ನಾರ್ವೆಯ ಹೆಲ್ಲೆ ಕಾರ್ಖಾನೆ 1932ರದ್ದು, ಚೆಂದದ ಮರದ ಹಿಡಿ, ಬೆಲೆಯೂ ಮೇಲೆ.

ಮೋರಾದ ಚಾಕು ಬೇಟೆಗಾರರ, ಬಡಗಿಗಳ ಸೊತ್ತಷ್ಟೇ ಅಲ್ಲ. ಸ್ವೀಡನ್ನಿನ ಶಾಲೆಗಳಲ್ಲಿ 'ಸ್ಲೋಯ್ಡ್', ಅಂದರೆ ಕೈಕೆಲಸ, ಕಡ್ಡಾಯ ಪಾಠ. ಕಾರಣವಿಲ್ಲದೆ ಚಾಕು ಹಿಡಿದು ಸಾರ್ವಜನಿಕ ಸ್ಥಳದಲ್ಲಿ ಓಡಾಡುವುದು ಅಲ್ಲಿ ಅಪರಾಧ. ಅದೇ ದೇಶ ಮಗುವಿನ ಕೈಗೆ ಚಾಕು ಕೊಟ್ಟು ಬಳಸುವುದನ್ನು ಕಲಿಸುತ್ತದೆ. ಮಕ್ಕಳಿಗೆಂದೇ ಬೆರಳು ಜಾರದ ತಡೆಯಿರುವ, ಮೊನೆ ದುಂಡಾದ ಮಾದರಿಗಳಿವೆ. ಎಲ್ಲಕ್ಕಿಂತ ಮೊದಲು ಕಲಿಸುವುದು ಕೂತು ಕೆತ್ತುವುದನ್ನು, ಚಾಚಿದ ಕೈಗೆ ಯಾರೂ ತಾಗದಷ್ಟು ಜಾಗ ನೋಡಿಕೊಳ್ಳುವುದನ್ನು.

ತಂಗಿಯ ಮಗಳಿಗೆ ಹತ್ತು ವರ್ಷ. "ದೊಡ್ಡಮ್ಮಾ, ಸ್ವಲ್ಪ ಆಚೆ ಕೂತ್ಕೊಳ್ಳಿ, ಕೈ ತಾಗತ್ತೆ" ಎಂದು ನನ್ನನ್ನು ಸರಿಸಿ, ಚಾಕುವಿನ ಬಾಯಿಯನ್ನು ಮೈಯಿಂದ ಆಚೆಗೆ ತಿರುಗಿಸಿ, ಜುನಿಪರ್ ಮರದ ತುಂಡೊಂದನ್ನು ಕೆತ್ತತೊಡಗಿದಳು. ಅಲ್ಲಿನ ಮಕ್ಕಳು ಹೆಚ್ಚಾಗಿ ಮೊದಲು ಮಾಡುವ ವಸ್ತು ಬೆಣ್ಣೆ ಹಚ್ಚುವ ಮರದ ಚಾಕು. ಎರಡು ಸಂಜೆ ಹಿಡಿಯಿತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ತುದಿ ಬಲಕ್ಕೆ ವಾಲಿದೆ. ಈಗ ಅದು ಬೆಂಗಳೂರಿನಲ್ಲಿ ನಮ್ಮ ಬೆಣ್ಣೆ ಡಬ್ಬಿಯ ಪಕ್ಕದಲ್ಲಿದೆ. ತೊಳೆದಾಗಲೆಲ್ಲ ಜುನಿಪರಿನ ಕಾಳುಮೆಣಸಿನಂಥ ಘಮ ಇನ್ನೂ ಬರುತ್ತದೆ.